ತಾನಾಗಿ ಆರಿಹೋಗುವ ಹಳೆಯ ಕಂಪ್ಯೂಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. 2009ರಲ್ಲಿ ಅಂಗಡಿಯವರು ಬಿಡಿಭಾಗಗಳಿಂದ ಜೋಡಿಸಿಕೊಟ್ಟ ಕಂಪ್ಯೂಟರನ್ನೇ ಇಂದಿಗೂ ಬಳಸುತ್ತಿದ್ದೇನೆ. ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ರ‍್ಯಾಮ್, ವಿಂಡೋಸ್ 7 ಇರುವ ಯಂತ್ರ ಅದು. ನಮ್ಮೂರಿನ ಕೆರೆ, ದೇವಸ್ಥಾನಗಳ ಬಗ್ಗೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹದಿನೈದು ವರ್ಷಗಳ ಬರಹಗಳೆಲ್ಲ ಅದರೊಳಗಿವೆ. ಮೂರು ತಿಂಗಳಿಂದ ಅದು ಕೆಲಸದ ನಡುವೆಯೇ ತಾನಾಗಿ ಆಫ್ ಆಗುತ್ತಿದೆ. ಬೆಳಿಗ್ಗೆ ಮೊದಲ ಸಲ ಹಾಕಿದಾಗ ಸುಮಾರು ಇಪ್ಪತ್ತು ನಿಮಿಷ ನಡೆಯುತ್ತದೆ. ಕೂಡಲೇ ಮತ್ತೆ ಹಾಕಿದರೆ ಎರಡು ಮೂರು ನಿಮಿಷಕ್ಕೇ ಆರುತ್ತದೆ. ಊಟ ಮುಗಿಸಿ ಬಂದು ಹಾಕಿದರೆ ಪುನಃ ಇಪ್ಪತ್ತು ನಿಮಿಷ ಸಿಗುತ್ತದೆ. ಆರುವುದಕ್ಕೆ ಸ್ವಲ್ಪ ಮೊದಲು, ಒತ್ತಿದ ಅಕ್ಷರ ತೆರೆಯ ಮೇಲೆ ತಡವಾಗಿ ಮೂಡುತ್ತದೆ. ಇದಲ್ಲದೆ, ಲೇಸರ್ ಪ್ರಿಂಟರಿಗೆ ಪುಟ ಕಳುಹಿಸಿದಾಗ ಕೆಲವೊಮ್ಮೆ ಯುಪಿಎಸ್ ಒಮ್ಮೆ ಕೂಗಿ, ಎಲ್ಲವೂ ಒಟ್ಟಿಗೆ ಆರಿಹೋಗುತ್ತವೆ. ಅಳಿಯಂದಿರು ಡಿ ಡ್ರೈವನ್ನು ಹಾಗೆಯೇ ಬಿಟ್ಟು ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟರು, ಪ್ರಯೋಜನವಾಗಲಿಲ್ಲ. ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರನ್ನೇ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ನಾನೇನು ಮಾಡಲಿ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೇಷ್ಟ್ರೇ, ಅಂಗಡಿಯವರ ಮಾತಿಗಿಂತ ನಿಮ್ಮ ಗಡಿಯಾರ ಹೇಳಿರುವುದೇ ಹೆಚ್ಚು ಉಪಯುಕ್ತವಾಗಿದೆ. ಮೊದಲು ಇಪ್ಪತ್ತು ನಿಮಿಷ, ಕೂಡಲೇ ಹಾಕಿದರೆ ಎರಡು ಮೂರು ನಿಮಿಷ, ಊಟದ ಬಿಡುವಿನ ನಂತರ ಮತ್ತೆ ಇಪ್ಪತ್ತು ನಿಮಿಷ ಎಂಬ ಈ ಲೆಕ್ಕವು, ಕಂಪ್ಯೂಟರಿನೊಳಗೆ ಯಾವುದೋ ಒಂದು ಭಾಗ ಬಿಸಿಯಾಗುತ್ತಿದೆ, ಒಂದು ಮಿತಿಯನ್ನು ಮುಟ್ಟಿದೊಡನೆ ಯಂತ್ರ ಆರುತ್ತಿದೆ, ತಣಿದ ಮೇಲೆ ಪುನಃ ನಡೆಯುತ್ತಿದೆ ಎಂಬುದನ್ನು ಸೂಚಿಸುತ್ತದೆ. ಪ್ರಿಂಟರ್ ಹಾಕಿದಾಗ ಎಲ್ಲವೂ ಒಟ್ಟಿಗೆ ಆರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಮೇಜಿನ ಮೇಲೆ ಎರಡು ಬೇರೆ ಬೇರೆ ದೋಷಗಳಿವೆ. ಎರಡರ ಫಲವೂ ಕಣ್ಣಿಗೆ ಒಂದೇ ರೀತಿ ಕಾಣುತ್ತಿರುವುದರಿಂದ ಇಷ್ಟು ದಿನ ಯಾರಿಗೂ ಕಾರಣ ಸಿಕ್ಕಿಲ್ಲ.

ರಿಪೇರಿಗೆ ಕೈಹಾಕುವ ಮೊದಲು ಬರಹಗಳನ್ನು ಹೊರಗೆ ತೆಗೆದುಕೊಳ್ಳಿ. ಪ್ರತಿ ಸಲ ಹೀಗೆ ಹಠಾತ್ತನೆ ಆರಿದಾಗಲೂ ಹಾರ್ಡ್ ಡಿಸ್ಕಿಗೆ ಪೆಟ್ಟು ಬೀಳುತ್ತದೆ. ಬರೆಯುತ್ತಿದ್ದ ಕಡತ ಅರ್ಧಕ್ಕೇ ನಿಲ್ಲಬಹುದು. ಬೆಳಗಿನ ಮೊದಲ ಹತ್ತು ನಿಮಿಷಗಳಲ್ಲಿ ಒಂದು ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಯಂತ್ರವನ್ನು ನೀವೇ ಸರಿಯಾಗಿ ಶಟ್ ಡೌನ್ ಮಾಡಿ, ಒಂದು ಗಂಟೆ ಬಿಟ್ಟು ಇನ್ನೊಂದು ಫೋಲ್ಡರನ್ನು ನಕಲು ಮಾಡಿ. ಹಾಗೆ ಮಾಡಲು ಧೈರ್ಯವಾಗದಿದ್ದರೆ, ಡಿಸ್ಕನ್ನು ಬಿಚ್ಚಿ ಸಾಟಾ-ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡಿಕೊಡುವಂತೆ ಅಂಗಡಿಯವರನ್ನು ಕೇಳಬಹುದು. ನುಡಿಯ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ ಕಡತಗಳು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಯೂನಿಕೋಡ್‌ನಲ್ಲಿರುವುದಿಲ್ಲವಾದ್ದರಿಂದ, ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ. ಆದ್ದರಿಂದ ಫಾಂಟುಗಳನ್ನೂ ಜೊತೆಯಲ್ಲಿ ನಕಲು ಮಾಡಿಕೊಳ್ಳಿ; ಮುಗಿದ ಬರಹಗಳನ್ನು ಪಿಡಿಎಫ್ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಈಗ ಬಿಸಿಯ ವಿಷಯ. ಪ್ರೊಸೆಸರ್ ಅತಿಯಾಗಿ ಕಾದಾಗ ಎರಡು ಹಂತಗಳಲ್ಲಿ ತನ್ನನ್ನು ರಕ್ಷಿಸಿಕೊಳ್ಳುತ್ತದೆ. ಮೊದಲ ಹಂತದಲ್ಲಿ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನೀವು ಒತ್ತಿದ ಅಕ್ಷರ ತಡವಾಗಿ ಮೂಡುವುದಕ್ಕೆ ಇದೇ ಕಾರಣವೆಂದು ತೋರುತ್ತದೆ. ಅಷ್ಟರಿಂದಲೂ ಬಿಸಿ ಇಳಿಯದೆ ಏರುತ್ತಲೇ ಹೋದರೆ, ಪ್ರೊಸೆಸರ್ ನೀಡುವ ಒಂದು ಸಂಕೇತದಿಂದ ಮದರ್‌ಬೋರ್ಡ್ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಇದು ವಿಂಡೋಸನ್ನು ಕೇಳಿ ನಡೆಯುವ ಕೆಲಸವಲ್ಲವಾದ್ದರಿಂದ ತೆರೆಯ ಮೇಲೆ ಯಾವ ಸಂದೇಶವೂ ಬರುವುದಿಲ್ಲ. ಮುಂದಿನ ಸಲ ಹಾಕಿದಾಗ ವಿಂಡೋಸಿನ ದಿನಚರಿಯಂತಿರುವ ಈವೆಂಟ್ ವ್ಯೂವರಿನಲ್ಲಿ 'ಕರ್ನಲ್-ಪವರ್ 41' ಎಂಬ ಕೆಂಪು ಗುರುತಿನ ನಮೂದು ಕಾಣಿಸುತ್ತದೆ. ಅದನ್ನು ನೋಡಿ ವಿಂಡೋಸೇ ಕೆಟ್ಟಿದೆಯೆಂದು ತಿಳಿಯುವವರು ಬಹಳ ಮಂದಿ. ಆ ನಮೂದಿಗೆ ಇರುವ ಅರ್ಥ, ಕಳೆದ ಸಲ ಕಂಪ್ಯೂಟರನ್ನು ಸರಿಯಾಗಿ ಮುಚ್ಚಿರಲಿಲ್ಲ ಎಂಬುದಷ್ಟೇ. ಏಕೆ ಎಂಬುದು ವಿಂಡೋಸಿಗೂ ತಿಳಿದಿರುವುದಿಲ್ಲ. ನಿಮ್ಮ ಅಳಿಯಂದಿರ ಶ್ರಮ ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ, ವಿಂಡೋಸಿನ ಮೇಲಿದ್ದ ಅನುಮಾನವನ್ನು ಅದು ದೂರಮಾಡಿತು.

ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಡಬ್ಬಿ) ಕೂಡ ಕಾದಾಗ ಹೀಗೆ ಆರುವುದುಂಟಲ್ಲವೇ ಎಂದು ತಿಳಿದವರು ಕೇಳಬಹುದು. ಹೌದು, ಉಂಟು. ಆದರೆ ಸೊರಗಿದ ಎಸ್‌ಎಂಪಿಎಸ್ ಯಂತ್ರವನ್ನು ಆರಿಸಬಲ್ಲದೇ ಹೊರತು, ಆರುವ ಮೊದಲು ಅದರ ವೇಗವನ್ನು ತಗ್ಗಿಸಲಾರದು. ತಡವಾಗಿ ಮೂಡುವ ಆ ಅಕ್ಷರಗಳಿಂದಾಗಿಯೇ ನನ್ನ ಅನುಮಾನ ಪ್ರೊಸೆಸರಿನ ಕಡೆಗೆ ಹೆಚ್ಚು ವಾಲುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಯಂತ್ರ ಪೂರ್ತಿ ತಣ್ಣಗಿರುವಾಗ ಹಾಕಿ, ವಿಂಡೋಸ್ ಬರುವ ಮೊದಲೇ ಡಿಲೀಟ್ ಕೀಲಿಯನ್ನು (ಕೆಲವು ಬೋರ್ಡುಗಳಲ್ಲಿ ಎಫ್2 ಕೀಲಿಯನ್ನು) ಒತ್ತುತ್ತಾ ಹೋದರೆ ಬಯಾಸ್ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಪರದೆ ತೆರೆಯುತ್ತದೆ. ಅದರಲ್ಲಿ 'ಹಾರ್ಡ್‌ವೇರ್ ಮಾನಿಟರ್' ಅಥವಾ 'ಪಿಸಿ ಹೆಲ್ತ್' ಎಂಬ ಪುಟಕ್ಕೆ ಹೋಗಿ, ಪ್ರೊಸೆಸರಿನ ಉಷ್ಣತೆಯನ್ನೂ ಫ್ಯಾನಿನ ವೇಗವನ್ನೂ ಐದು ನಿಮಿಷಕ್ಕೊಮ್ಮೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಯಾಸ್‌ನಲ್ಲಿರುವಾಗ ಪ್ರೊಸೆಸರ್ ಪೂರ್ತಿ ವಿಶ್ರಾಂತಿ ಪಡೆಯುವುದಿಲ್ಲವಾದ್ದರಿಂದ ಅಲ್ಲಿ 45ರಿಂದ 55 ಡಿಗ್ರಿ ಸೆಲ್ಸಿಯಸ್ ಕಾಣುವುದು ಸಹಜ. ಅಂಕಿ ನಿಲ್ಲದೆ 80, 85 ಎಂದು ಏರುತ್ತಾ ಹೋಗಿ ಅಲ್ಲಿಯೇ ಯಂತ್ರ ಆರಿದರೆ, ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಆರಿದೊಡನೆ ಗೋಡೆಯ ಸ್ವಿಚ್ ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿ, ಪ್ರೊಸೆಸರಿನ ಮೇಲಿದ್ದು ಅದರ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಅಲ್ಯೂಮಿನಿಯಮ್ ಹೀಟ್ ಸಿಂಕನ್ನು ಬೆರಳ ತುದಿಯಿಂದ ಜೋಪಾನವಾಗಿ ಮುಟ್ಟಿ ನೋಡಿ. ಅದು ಸುಡುವಷ್ಟು ಬಿಸಿಯಾಗಿದ್ದರೆ ಗಾಳಿಯ ಸಂಚಾರ ಸಾಲುತ್ತಿಲ್ಲ. ದೂಳು ತುಂಬಿದೆ ಅಥವಾ ಫ್ಯಾನ್ ಸೋತಿದೆ. ಪ್ರೊಸೆಸರ್ 85 ಡಿಗ್ರಿ ತೋರಿಸಿಯೂ ಹೀಟ್ ಸಿಂಕ್ ಉಗುರುಬೆಚ್ಚಗಷ್ಟೇ ಇದ್ದರೆ, ಬಿಸಿಯು ಕೆಳಗಿನಿಂದ ಮೇಲಕ್ಕೆ ದಾಟುತ್ತಲೇ ಇಲ್ಲ ಎಂದರ್ಥ.

ನಿಮ್ಮ ಯಂತ್ರದಲ್ಲಿ ಎರಡನೆಯದೇ ಆಗಿರುವ ಸಾಧ್ಯತೆ ಹೆಚ್ಚೆಂದು ನಾನು ಎಣಿಸುತ್ತೇನೆ. ಆ ಕಾಲದ ಇಂಟೆಲ್ ಪ್ರೊಸೆಸರುಗಳ ಜೊತೆಯಲ್ಲಿ ಬರುತ್ತಿದ್ದ ದುಂಡನೆಯ ಹೀಟ್ ಸಿಂಕನ್ನು ಮದರ್‌ಬೋರ್ಡಿಗೆ ಹಿಡಿದಿಡುವುದು ನಾಲ್ಕು ಪ್ಲಾಸ್ಟಿಕ್ ಪಿನ್ನುಗಳು ಮಾತ್ರ. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಪೆಡಸಾಗಿ ಬಿರಿಯುತ್ತದೆ. ನಾಲ್ಕರಲ್ಲಿ ಒಂದು ಎದ್ದುಬಂದರೂ ಹೀಟ್ ಸಿಂಕ್ ಕೂದಲೆಳೆಯಷ್ಟು ವಾಲುತ್ತದೆ, ಪ್ರೊಸೆಸರಿಗೂ ಅದಕ್ಕೂ ನಡುವೆ ಬಿಸಿಯನ್ನು ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತಾಗಿದ್ದರೆ ಆ ಸಂದಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಗಾಳಿಯಾದರೋ ಬಿಸಿಯನ್ನು ದಾಟಿಸುವುದರಲ್ಲಿ ಬಹಳ ಕೃಪಣ. ಕ್ಯಾಬಿನೆಟ್ ನಿಂತಿರುವಾಗ ಹೀಟ್ ಸಿಂಕ್ ಗೋಡೆಗೆ ತೂಗುಹಾಕಿದಂತೆ ಅಡ್ಡಕ್ಕೆ ಚಾಚಿಕೊಂಡಿರುವುದರಿಂದ ಅದರ ಭಾರವೂ ಪಿನ್ನುಗಳನ್ನು ಎಳೆಯುತ್ತಿರುತ್ತದೆ. ಆದ್ದರಿಂದ ಇನ್ನೊಂದು ಸರಳ ಪರೀಕ್ಷೆ ಮಾಡಬಹುದು: ಮದರ್‌ಬೋರ್ಡ್ ಅಡಿಗೆ ಬಂದು ಹೀಟ್ ಸಿಂಕ್ ಅದರ ಮೇಲೆ ಕೂರುವಂತೆ ಕ್ಯಾಬಿನೆಟ್ಟನ್ನು ಮಲಗಿಸಿ ಯಂತ್ರವನ್ನು ನಡೆಸಿ. ಇಪ್ಪತ್ತು ನಿಮಿಷದ ಆಯಸ್ಸು ಒಮ್ಮೆಗೇ ಒಂದು ಗಂಟೆಗೆ ಏರಿದರೆ, ಅಪರಾಧಿ ಪಿನ್ನೇ.

ಸರಿಪಡಿಸುವ ಕ್ರಮ ಹೀಗಿದೆ. ಐದು ನಿಮಿಷ ಯಂತ್ರವನ್ನು ನಡೆಸಿ, ಪೇಸ್ಟ್ ಸ್ವಲ್ಪ ಮೆತ್ತಗಾದ ಮೇಲೆ ಆರಿಸಿ, ಪವರ್ ಕೇಬಲ್ಲನ್ನು ಕಿತ್ತಿಡಿ. ಫ್ಯಾನಿನ ವೈರನ್ನು ಬೋರ್ಡಿನಿಂದ ಬಿಡಿಸಿ, ಪ್ರತಿ ಪಿನ್ನಿನ ತಲೆಯನ್ನು ಅದರ ಮೇಲಿರುವ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆಯಿರಿ. ಹೀಟ್ ಸಿಂಕನ್ನು ಎತ್ತಿದ ಮೇಲೆ, ಎರಡೂ ಕಡೆಯ ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿ. ರೆಕ್ಕೆಗಳ ನಡುವೆ ಕಟ್ಟಿರುವ ದೂಳಿನ ಕಂಬಳಿಯನ್ನು ಬಣ್ಣದ ಕುಂಚದಿಂದ ಬಿಡಿಸಿ. ಬ್ಲೋವರ್ ಬಳಸುವುದಾದರೆ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಇಲ್ಲವಾದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹೊಸ ಪೇಸ್ಟ್ ಒಂದು ಬಟಾಣಿ ಕಾಳಿಗಿಂತ ಚಿಕ್ಕದಾಗಿದ್ದರೆ ಸಾಕು. ದೋಸೆಗೆ ಬೆಣ್ಣೆ ಸವರಿದಂತೆ ಧಾರಾಳವಾಗಿ ಹಚ್ಚುವವರಿದ್ದಾರೆ, ಅದರಿಂದ ಲಾಭವಿಲ್ಲ. ಕೂರಿಸುವಾಗ ಪಿನ್ನುಗಳ ತಲೆಗಳನ್ನು ಮೊದಲಿನ ಸ್ಥಾನಕ್ಕೆ ಹಿಂದಿರುಗಿಸಿ, ಮೂಲೆಯಿಂದ ಎದುರು ಮೂಲೆಗೆ ಎಂಬಂತೆ ಒಂದೊಂದನ್ನೇ 'ಟಕ್' ಎನ್ನುವವರೆಗೆ ಒತ್ತಿರಿ. ಸದ್ದನ್ನು ಮಾತ್ರ ನಂಬಬೇಡಿ. ಬೋರ್ಡಿನ ಬೆನ್ನನ್ನು ನೋಡಲು ಸಾಧ್ಯವಾದರೆ ನಾಲ್ಕು ಪಿನ್ನುಗಳ ಸೀಳುಕಾಲುಗಳೂ ಪೂರ್ತಿ ಹೊರಬಂದು ಅಗಲಿವೆಯೇ ಎಂದು ಟಾರ್ಚ್ ಹಾಕಿ ನೋಡಿ. ಪಿನ್ ಮುರಿದಿದ್ದರೆ, ಪ್ರೊಸೆಸರ್ ಕೂರುವ ಅದೇ ಸಾಕೆಟ್ಟಿಗೆ ಹೊಂದುವ ಹೊಸ ಹೀಟ್ ಸಿಂಕನ್ನು ಕೇಳಿ ಪಡೆಯಿರಿ. ಅಂಗಡಿಯಲ್ಲಿ '775 ಸಾಕೆಟ್' ಎಂದರೆ ಅರ್ಥವಾಗುತ್ತದೆ. ಇಷ್ಟನ್ನು ಮನೆಯಲ್ಲಿ ಮಾಡಲು ಕೈ ಹಿಂಜರಿದರೆ ಅಂಗಡಿಗೇ ಒಯ್ಯಿರಿ, ಆದರೆ 'ಕಂಪ್ಯೂಟರ್ ಆಫ್ ಆಗುತ್ತದೆ' ಎನ್ನುವ ಬದಲು 'ಹೀಟ್ ಸಿಂಕ್ ಬಿಚ್ಚಿ, ಪೇಸ್ಟ್ ಹಾಕಿ, ಪಿನ್ ನೋಡಿಕೊಡಿ' ಎಂದು ಹೇಳಿ. ಕೇಳುವ ಮಾತಿಗೆ ತಕ್ಕಂತೆ ಬಿಲ್ಲೂ ಇರುತ್ತದೆ.

ಹೀಟ್ ಸಿಂಕ್ ಬಿಚ್ಚಿರುವಾಗಲೇ, ಪ್ರೊಸೆಸರಿನ ಸುತ್ತ ನಿಂತಿರುವ ಪುಟ್ಟ ಡಬ್ಬಿಗಳಂತಹ ಕೆಪಾಸಿಟರುಗಳ ನೆತ್ತಿಯನ್ನೂ ಗಮನಿಸಿ. ಅವು ಮಟ್ಟಸವಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಬಣ್ಣದ ಅಂಟು ಹೊರಬಂದಿದ್ದರೆ ಅಂಗಡಿಯವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ ಎನ್ನಬೇಕು. ಈ ಶತಮಾನದ ಮೊದಲ ಕೆಲವು ವರ್ಷಗಳಲ್ಲಿ ತಯಾರಾದ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳ ಪಿಡುಗು ವ್ಯಾಪಕವಾಗಿತ್ತು. ಕೆಪಾಸಿಟರ್ ಉಬ್ಬಿದ್ದರೂ ಬೋರ್ಡನ್ನು ಎಸೆಯಬೇಕಾಗಿಲ್ಲ. ಟಿವಿ ರಿಪೇರಿ ಮಾಡುವ ಕೈಪಳಗಿದವರು ಅಷ್ಟೇ ಮೈಕ್ರೋಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನ, 105 ಡಿಗ್ರಿ ತಾಳುವ, ಒಳಗಿನ ತಡೆ ಕಡಿಮೆಯಿರುವ ಲೋ ಇಎಸ್‌ಆರ್ ಕೆಪಾಸಿಟರುಗಳನ್ನು ಬೆಸೆದುಕೊಡಬಲ್ಲರು.

ಇನ್ನು ಪ್ರಿಂಟರ್. ನಿಮ್ಮ ಯುಪಿಎಸ್ ಮೇಲೆ 600 ವಿಎ (ವೋಲ್ಟ್-ಆಂಪಿಯರ್) ಎಂದು ಬರೆದಿದ್ದರೆ ಅದು 600 ವ್ಯಾಟ್ ಅಲ್ಲ. ಮನೆಬಳಕೆಯ ಅಂತಹ ಯುಪಿಎಸ್‌ಗಳ ಸಾಮರ್ಥ್ಯ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಲೇಸರ್ ಪ್ರಿಂಟರ್ ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಒಂದು ಉರುಳೆಯನ್ನು ಕಾಯಿಸುತ್ತದೆ, ಆ ಕ್ಷಣದಲ್ಲಿ ಅದೊಂದೇ ಹಲವು ನೂರು ವ್ಯಾಟ್ ಎಳೆಯುತ್ತದೆ. ಯುಪಿಎಸ್ ಭಾರ ತಾಳಲಾರದೆ ಕೂಗಿ ಕೈಚೆಲ್ಲುತ್ತದೆ. ಪ್ರಿಂಟರಿನ ಪ್ಲಗ್ಗನ್ನು ಯುಪಿಎಸ್‌ನಿಂದ ಕಿತ್ತು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ. ಈ ಅರ್ಧ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ. ಯುಪಿಎಸ್‌ನೊಳಗಿನ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುವುದರಿಂದ ಅದನ್ನೂ ಪರೀಕ್ಷಿಸಿಬಿಡಿ. ಬಯಾಸ್ ಪರದೆ ತೆರೆದಿರುವಾಗ, ಅಂದರೆ ಡಿಸ್ಕಿನ ಮೇಲೆ ಏನೂ ಬರೆಯುತ್ತಿಲ್ಲದಿರುವಾಗ, ಯುಪಿಎಸ್‌ನ ಗೋಡೆಯ ಸ್ವಿಚ್ಚನ್ನು ತೆಗೆಯಿರಿ. ಯಂತ್ರ ಆ ಕ್ಷಣವೇ ಆರಿದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಮಳೆಗಾಲದಲ್ಲಿ ಕರೆಂಟು ಕಣ್ಣುಮುಚ್ಚಾಲೆಯಾಡುವ ನಿಮ್ಮ ಭಾಗದಲ್ಲಿ ಇದನ್ನು ಮುಂದೂಡಬೇಡಿ.

ಒಂದು ಮಾತು ಉಳಿಯಿತು. ವಿಂಡೋಸ್ 7ಕ್ಕೆ ಸುರಕ್ಷತಾ ಪರಿಷ್ಕರಣೆಗಳು 2020ರ ಜನವರಿ 14ರಂದು ನಿಂತಿವೆ. ಟೈಪಿಂಗಿಗೆ ಯಂತ್ರ ಇನ್ನೂ ಚೆನ್ನಾಗಿಯೇ ಒದಗುತ್ತದೆ. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಅದರಲ್ಲಿ ಮಾಡಬೇಡಿ.

ಪ್ರಶ್ನೆ: ನಮ್ಮ ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರ್, ಬಟನ್ ಒತ್ತಿ ನಾಲ್ಕೈದು ಸೆಕೆಂಡಿಗೇ ಆಫ್ ಆಗುತ್ತದೆ. ಎಸ್‌ಎಂಪಿಎಸ್ ಬದಲಿಸಿದರೂ ಅದೇ ಕಥೆ. ಇದೂ ಬಿಸಿಯ ದೋಷವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೀಟ್ ಸಿಂಕ್ ಪೂರ್ತಿ ಕಳಚಿಕೊಂಡಿದ್ದರೆ ಅಷ್ಟು ಬೇಗ ಕಾಯುವುದು ಸಾಧ್ಯ, ಆದ್ದರಿಂದ ಅದನ್ನೊಮ್ಮೆ ಅಲುಗಿಸಿ ನೋಡಿ. ಆದರೆ ನೀವು ಹೇಳಿರುವ ನಾಲ್ಕೈದು ಸೆಕೆಂಡು ಎಂಬ ಅವಧಿ ನನಗೆ ಬೇರೊಂದನ್ನು ನೆನಪಿಸುತ್ತದೆ. ಪವರ್ ಬಟನ್ನನ್ನು ಸುಮಾರು ನಾಲ್ಕು ಸೆಕೆಂಡು ಒತ್ತಿಹಿಡಿದರೆ ಕಂಪ್ಯೂಟರ್ ಬಲವಂತವಾಗಿ ಆಫ್ ಆಗುವಂತೆ ಮದರ್‌ಬೋರ್ಡನ್ನು ರೂಪಿಸಲಾಗಿದೆ. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಬಟನ್ ಒಳಗೆ ಹೋಗಿ ಅಂಟಿಕೊಂಡು ಹಿಂದಿರುಗದಿದ್ದರೆ, ಯಾರೋ ಅದನ್ನು ಒತ್ತಿಹಿಡಿದಿದ್ದಾರೆಂದೇ ಯಂತ್ರ ತಿಳಿಯುತ್ತದೆ. ಮುಂಭಾಗದಿಂದ ಬೋರ್ಡಿಗೆ ಬರುವ, 'ಪವರ್ ಎಸ್‌ಡಬ್ಲ್ಯೂ' ಎಂದು ಬರೆದಿರುವ ಎರಡು ವೈರಿನ ಪುಟ್ಟ ಕನೆಕ್ಟರನ್ನು ಕಿತ್ತು, ಅದು ಕೂತಿದ್ದ ಎರಡು ಸೂಜಿಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಅರೆಕ್ಷಣ ಮುಟ್ಟಿಸಿ ತೆಗೆಯಿರಿ. ಯಂತ್ರ ಹೊತ್ತಿಕೊಂಡು ಹಾಗೆಯೇ ನಡೆದರೆ ದೋಷವಿರುವುದು ಬಟನ್ನಿನಲ್ಲಿ. ಹೊಸ ಬಟನ್ ಸಿಗುವವರೆಗೆ ರೀಸೆಟ್ ಬಟನ್ನಿನ ಕನೆಕ್ಟರನ್ನೇ ಪವರ್ ಸೂಜಿಗಳಿಗೆ ಸಿಕ್ಕಿಸಿ ಅಂಗಡಿ ನಡೆಸಬಹುದು.

ಫ್ಯಾನ್ ಒಂದು ಸಲ ಮಿಸುಕಾಡಿ ನಿಂತೇಬಿಡುತ್ತಿದ್ದರೆ ಅದು ಬೇರೆ ಲಕ್ಷಣ. ಎಲ್ಲೋ ಶಾರ್ಟ್ ಆಗಿದೆ, ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಆರುತ್ತಿದೆ. ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಕಾರ್ಡುಗಳು, ಮುಂಭಾಗದ ಯುಎಸ್‌ಬಿ ವೈರು ಇವನ್ನೆಲ್ಲ ಒಂದೊಂದಾಗಿ ಕಳಚುತ್ತಾ ಪ್ರತಿ ಸಲ ಹಾಕಿ ನೋಡಿ; ಬೋರ್ಡಿನ ಅಡಿಯಲ್ಲಿ ಬಿದ್ದುಹೋದ ಸ್ಕ್ರೂ ಇದೆಯೇ ಎಂದೂ ಪರಿಶೀಲಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರುಗಳು 325 ವೋಲ್ಟಿನವರೆಗೆ ತುಂಬಿರುತ್ತವೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಆ ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ. ಅದು ಕೊಡುವ ವೋಲ್ಟೇಜನ್ನು ಹೊರಗಿನಿಂದಲೇ ಅಳೆಯಬಹುದು: ಖಾಲಿಯಿರುವ ಕನೆಕ್ಟರಿನಲ್ಲಿ ಕಪ್ಪು ಮತ್ತು ಹಳದಿ ವೈರುಗಳ ನಡುವೆ 11.4ರಿಂದ 12.6 ವೋಲ್ಟ್, ಕಪ್ಪು ಮತ್ತು ಕೆಂಪಿನ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ನಮ್ಮ ಕಂಪ್ಯೂಟರ್ ಮಧ್ಯಾಹ್ನ ಆರಿಹೋಗುತ್ತದೆ. ಸಿಪಿಯು ಮುಟ್ಟಿದರೆ ಜುಮ್ಮೆನ್ನುತ್ತದೆ. ಎರಡಕ್ಕೂ ಸಂಬಂಧವಿದೆಯೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಸಿಪಿಯು ಎಂದು ನೀವು ಕರೆದಿರುವುದು ಇಡೀ ಕ್ಯಾಬಿನೆಟ್ಟನ್ನು ಎಂದು ಭಾವಿಸುತ್ತೇನೆ, ನಾಡಿನಲ್ಲೆಲ್ಲ ಹಾಗೆ ಹೇಳುವುದೇ ರೂಢಿ. ಬೇಸಿಗೆಯ ಲೆಕ್ಕ ಸರಳವಾದದ್ದು. ಪ್ರೊಸೆಸರಿನ ಉಷ್ಣತೆಯು ಕೋಣೆಯ ಉಷ್ಣತೆಯ ಮೇಲೆ ನಿಂತಿರುತ್ತದೆ. ಅದು ಕೋಣೆಗಿಂತ 45 ಡಿಗ್ರಿ ಹೆಚ್ಚು ಕಾಯುವಂಥದ್ದಾದರೆ, 25 ಡಿಗ್ರಿಯ ಡಿಸೆಂಬರಿನಲ್ಲಿ 70 ತಲುಪಿ ಸುಮ್ಮನಿರುತ್ತದೆ, ನಿಮ್ಮೂರಿನ 42 ಡಿಗ್ರಿಯ ಮಧ್ಯಾಹ್ನದಲ್ಲಿ 87 ಮುಟ್ಟಿ ಆರುತ್ತದೆ. ಮೇಲೆ ತೀರ್ಥಹಳ್ಳಿಯವರಿಗೆ ಹೇಳಿದಂತೆ ದೂಳು ತೆಗೆದು ಪೇಸ್ಟ್ ಬದಲಿಸಿದರೆ ಆ 45 ಎಂಬುದು 30ರ ಆಸುಪಾಸಿಗೆ ಇಳಿಯಬಹುದು. ಕ್ಯಾಬಿನೆಟ್ಟನ್ನು ಮೇಜಿನ ಮುಚ್ಚಿದ ಗೂಡಿನೊಳಗೆ ಇಟ್ಟಿದ್ದರೆ ಹೊರಗೆ ತನ್ನಿ. ಪಕ್ಕದ ತಗಡು ಬಿಚ್ಚಿ ಎರಡಡಿ ದೂರದಲ್ಲಿ ಟೇಬಲ್ ಫ್ಯಾನ್ ಹಾಕಿ ನೋಡುವುದು ಪರೀಕ್ಷೆಗೆ ಒಳ್ಳೆಯದು. ಅದನ್ನೇ ಕಾಯಂ ಮಾಡಿಕೊಂಡರೆ ಊರ ದೂಳೆಲ್ಲ ಒಳಗೆ ಬಂದು ಕೂರುತ್ತದೆ.

ಜುಮ್ಮೆನ್ನುವುದಕ್ಕೂ ಆರುವುದಕ್ಕೂ ನೇರ ಸಂಬಂಧವಿಲ್ಲ, ಆದರೆ ನನಗೆ ಹೆಚ್ಚು ಆತಂಕವಾಗಿರುವುದು ಅದರ ಬಗ್ಗೆಯೇ. ಎಸ್‌ಎಂಪಿಎಸ್‌ನ ಬಾಯಲ್ಲಿ ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಅರ್ತಿಗೆ ಸೇರಿಸಿದ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ತಿಂಗ್ ಸರಿಯಿದ್ದರೆ ಅವುಗಳಿಂದ ಸೋರುವ ಅತ್ಯಲ್ಪ ವಿದ್ಯುತ್ತು ನೆಲಕ್ಕೆ ಹರಿದುಹೋಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಈಗಿನ ಜುಮ್ಮು ತಾನಾಗಿ ಪ್ರಾಣಾಪಾಯದ್ದಲ್ಲದಿರಬಹುದು. ನಾಳೆ ಯಾವುದಾದರೂ ಫೇಸ್ ವೈರಿನ ಹೊದಿಕೆ ಹರಿದು ತಗಡಿಗೆ ತಾಗಿದರೆ ಆಗ ನಿಮ್ಮನ್ನು ಕಾಪಾಡಲು ಏನೂ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಅವರಿಂದ ಆ ಸಾಕೆಟ್ಟಿನ ಮೂರನೆಯ, ದಪ್ಪ ತೂತಿನ ವೈರು ಅರ್ತ್ ಗುಂಡಿಯವರೆಗೆ ತಲುಪಿದೆಯೇ ಎಂದು ನೋಡಿಸಿ. ತಲುಪಿದ್ದರೂ, ಇದ್ದಿಲು-ಉಪ್ಪು ತುಂಬಿದ ಹಳೆಯ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅರ್ತಿಂಗ್ ದುರ್ಬಲವಾಗುತ್ತದೆ; ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆರಡು ಸಲ ಅದಕ್ಕೆ ಒಂದೊಂದು ಬಕೆಟ್ ನೀರು ಹಾಕಿ.

ಪ್ರಶ್ನೆ: ಅರ್ಧ ಗಂಟೆ ಮುಟ್ಟದೆ ಬಿಟ್ಟರೆ ನಮ್ಮ ಮನೆಯ ಕಂಪ್ಯೂಟರ್ ಆಫ್ ಆಗಿರುತ್ತದೆ. ಬಟನ್ನಿನ ದೀಪ ಮಿನುಗುತ್ತಿರುತ್ತದೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಅದು ಆಫ್ ಆಗಿಲ್ಲ, ಮಲಗಿದೆ. ಕಂಟ್ರೋಲ್ ಪ್ಯಾನೆಲ್ಲಿನ 'ಪವರ್ ಆಪ್ಷನ್ಸ್'ನಲ್ಲಿ 'ಸ್ಲೀಪ್' ಅವಧಿಯನ್ನು 'ನೆವರ್' ಎಂದು ಬದಲಿಸಿ. ಕೀಲಿಮಣೆ ಮುಟ್ಟಿದರೂ ಏಳದೆ, ಪ್ರತಿ ಸಲವೂ ಹೊಸದಾಗಿ ಬೂಟ್ ಆಗುತ್ತಿದ್ದರೆ ಮಾತ್ರ ಮತ್ತೊಮ್ಮೆ ಬರೆಯಿರಿ. ಬರೆಯುವಾಗ, ಹಾಕಿದ ಹೊತ್ತನ್ನೂ ಆರಿದ ಹೊತ್ತನ್ನೂ ಒಂದು ವಾರ ಗುರುತು ಮಾಡಿಕೊಂಡು ಆ ಪಟ್ಟಿಯನ್ನು ಜೊತೆಗಿಡಿ.